ಫ್ಯಾನಿನ ಕೆಳಗಿನ ಮಂಚ

ನಿಮ್ಮ ಗುಂಪಿಗೆ ಸೇರಿದ್ರ ಏನು ಸಿಗ್ತದ ಅಕ್ಕಾ
ಅಂತ ಕೇಳಿದಿ, ಟ್ರಂಕು ಇನ್ನೂ ಕೈಯಾಗ ಹಿಡಕೊಂಡು,
ದೇವದುರ್ಗದ ಬಸ್ಸಿನ ಧೂಳು ಇನ್ನೂ ಹುಬ್ಬಿನಾಗ.

ಕುಂದ್ರು ಮೊದಲು. ನೀರು ಕುಡಿ.
ಈ ಕೊಡ ಹುಲಿಗೆಮ್ಮನ ಪಾಳಿಯದು.
ರಾಯಚೂರಿನ ನಳ ನಾಕಕ್ಕ ಬಂದು ನಾಕೂವರಿಗೆ ಹೋಗ್ತದ,
ಒಬ್ಬಾಕಿ ಎದ್ದರ ಐದು ಮಂದಿ ನಿದ್ದಿ ಉಳೀತದ.
ಮೊದಲನೇ ಲಾಭ ಅಂತ ಬರಕೋ.
ಪೆನ್ನಿಲ್ಲೇನು? ತಗೋ ನನ್ನದು.
ವಾಪಸ್ ಕೊಡಬ್ಯಾಡ.

ಗುಂಪಿಗೆ ಹೆಸರಿಲ್ಲ.
ವಾರ್ಡನ್ ಮೇಡಂ ಹನ್ನೊಂದನೇ ರೂಮಿನ ದಂಡು ಅಂತಾರ,
ಮೆಸ್ಸಿನ ತಾಯಮ್ಮ, ಮಿಡತಿ ಹಿಂಡು.

ಅಗೋ, ಆ ಕಪಾಟಿಗೆ ಬೀಗಿಲ್ಲ.
ಅದರಾಗ ಒಂದು ಕ್ಯಾಲ್ಕುಲೇಟರು,
ಏಳರ ಗುಂಡಿ ಸವದು ಉಗುರುಬಣ್ಣದಿಂದ ತಿದ್ದಿದ್ದು.
ಒಂದು ನೀಲಿ ಇಲಕಲ್ಲ ಸೀರಿ, ವೈವಾಕ್ಕ ಉಡೂದು.
ಎಷ್ಟು ಮಂದಿ ಉಟ್ಟು ಪಾಸಾದರೋ ಲೆಕ್ಕಿಲ್ಲ,
ಉಟ್ಟೂ ಫೇಲಾದಾಕಿ ಒಬ್ಬಾಕಿ.
ಆಕಿ ನಾನ.

ಸಂಖ್ಯಾಶಾಸ್ತ್ರ. ಎರಡು ಸಲ.
ಊರಿಗೆ ಗೊತ್ತಾಗಿದ್ರ ಪುಸ್ತಕ ಅಟ್ಟಕ್ಕ ಹೋಗ್ತಿದ್ದವು,
ನಾ ಹತ್ತಿ ಬಿಡಿಸಾಕ.
ಶಮೀಮ್ ಬಾನು ಹಬ್ಬದ ಬಟ್ಟಿ ರೊಕ್ಕ ತಂದು ಫೀಸಿಗಿಟ್ಟಳು,
ಮಾರ್ತಮ್ಮ ಟ್ಯೂಷನ್ ಹೇಳಿದ ರೊಕ್ಕ.
ಸೋನಾಬಾಯಿ ಹತ್ರ ಏನೂ ಇರಲಿಲ್ಲ.
ರಾತ್ರಿ ಎರಡರ ತನಕ ಕುಂತು ಆಕಿ ಹೇಳಿಕೊಟ್ಟಳು:
ಆರು ಮಂದಿ ರೊಟ್ಟಿ ಕೂಡಿಸು, ಆರರಿಂದ ಭಾಗಿಸು.
ಯಾರಿಗೂ ಹೊಟ್ಟಿ ತುಂಬಂಗಿಲ್ಲ,
ಯಾರೂ ಉಪವಾಸ ಮಲಗಂಗಿಲ್ಲ.
ಇಷ್ಟ ನೋಡು ಸರಾಸರಿ ಅಂದ್ರ.

ಸುಳ್ಳು ಯಾಕ ಹೇಳಲಿ, ಜಗಳ ಅದಾವ.
ಹಣಗಿಗೆ, ಎಣ್ಣಿಗೆ, ದೀಪ ಆರಿಸೂದಕ್ಕ,
ತತ್ತಿ ವಾಸನಿಗೆ.
ಮೊದಲನೇ ವರ್ಷ ಬಸಲಿಂಗಮ್ಮ
ತನ್ನ ಲೋಟ ಬ್ಯಾರೆ ಇಟ್ಟಿದ್ದಳು ಕಿಟಕ್ಯಾಗ.
ಎಲ್ಲಾರೂ ನೋಡಿದಿವಿ. ಮಾರ್ತಮ್ಮ ಎಲ್ಲಾರಗಿಂತ ಮೊದಲು ನೋಡಿದ್ದಳು.
ಒಂದು ರಾತ್ರಿ, ಮುಟ್ಟಿನ ಹೊಟ್ಟಿನೋವು,
ಬಸಲಿಂಗಿ ಹಾವಿನಂಗ ಸುತ್ತಿಕೊಂಡು ಬಿದ್ದಿದ್ದಳು,
ಜೀರಿಗಿ ನೀರು ಕಾಸಿ ತಂದಾಕಿ ಮಾರ್ತಮ್ಮ,
ತನ್ನ ಲೋಟದಾಗ.
ಕುಡಿದಳು.
ಆ ಬ್ಯಾರೆ ಲೋಟ ಈಗ ಬ್ರಶ್ ಇಡೂದಾಗ್ಯದ, ನೋಡು,
ನಿನ್ನ ಬ್ರಶ್ಶಿಗೂ ಜಾಗ ಅದ.
ಯಾರೂ ಯಾರಿಗೂ ಮಾಫಿ ಕೇಳಲಿಲ್ಲ.
ಕೇಳಬೇಕಿತ್ತೇನೋ. ನನಗಿನ್ನೂ ಹಂಗ ಅನಸ್ತದ.

ನೀ ಎಲ್ಲಾ ಕೇಳಿದಿ, ಗೋಣು ಹಾಕಿದಿ,
ಆಮ್ಯಾಲ ಮಾಡಿನ ಕಡೆ ನೋಡಿ ಅಂದಿ:
ಆ ಫ್ಯಾನಿನ ಕೆಳಗಿನ ಮಂಚ ಯಾರದು?

ಶಾಣ್ಯಾಕಿ ಇದ್ದಿ.
ಗೋಡಿ ಮುಟ್ಟಿದ್ರ ಕೈ ಸುಡೋ ಈ ಊರಾಗ
ಖರೇ ಪ್ರಶ್ನಿ ಅಂದ್ರ ಇದ ಒಂದ.
ಮರುದಿನ ಪರೀಕ್ಷಿ ಇದ್ದಾಕಿದು.
ಜ್ವರ ಬಂದಾಕಿದು.
ಮನಿಯಿಂದ ಫೋನ್ ಬಂದ ಮ್ಯಾಲ
ಗೋಡಿ ಕಡೆ ಮಾರಿ ಮಾಡಿ ಮಲಗಿದಾಕಿದು,
ಏನಾಯ್ತು ಅಂತ ಕೇಳಂಗಿಲ್ಲ, ಎದ್ದು ಜಾಗ ಬಿಡೂದು.

ಇವತ್ತ ನನ್ನದು.
ನಾಳೆ ಹತ್ತಕ್ಕ ಮೂರನೇ ಸಲ ಕುಂದ್ರತೀನಿ.
ಆದರ ಊರು ಬಿಟ್ಟ ಮೊದಲನೇ ರಾತ್ರಿ
ಅದೂ ಒಂದು ಪರೀಕ್ಷಿನ.
ಬಾ, ಆ ತುದಿಗೆ ಸರದು ಮಲಗು.
ನಿದ್ದ್ಯಾಗ ಒದೀತಿಯೇನು ಮತ್ತ?