ಬೇರ್ಪಡಿಸುವ ಕೆಲಸ

ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ
ನಮ್ಮದು ಗಂಡು ಹೆಣ್ಣು ಬೇರ್ಪಡಿಸುವ ಕೆಲಸ.
ಗೂಡಿನ ತಲೆ ಬ್ಲೇಡಿನಲ್ಲಿ ಸೀಳಿ
ಕೋಶವನ್ನು ಅಂಗೈಗೆ ಉದುರಿಸಿ
ಬಾಲದ ಕಡೆ ತಿರುಗಿಸಿ ನೋಡುವುದು:
ಗೀಟಿದ್ದರೆ ಹೆಣ್ಣು, ಚುಕ್ಕೆಯಿದ್ದರೆ ಗಂಡು.
ಎಡಕ್ಕೊಂದು ತಟ್ಟೆ, ಬಲಕ್ಕೊಂದು ತಟ್ಟೆ.
ಕಿಲೋ ಲೆಕ್ಕದ ಕೂಲಿ.

ಇದನ್ನು ಕಲಿಸಿದವಳು ಆದಿಲಕ್ಷ್ಮಕ್ಕ.
ಹನ್ನೊಂದು ವರ್ಷದ ಹಿಂದೆ, ನನ್ನ ಗಂಡ ತೀರಿದ ತಿಂಗಳು,
ನಡುಗುವ ಕೈ ಹಿಡಿದು
"ಕಣ್ಣಿಗೆ ಹಿಡೀಬೇಡ್ವೇ, ಬೆಳಕಿಗೆ ಹಿಡಿ" ಎಂದವಳು.
ಮಗಳು ದೊಡ್ಡವಳಾದಾಗ ಕೊಬ್ಬರಿ ಬೆಲ್ಲ ಹೊತ್ತು ತಂದವಳು.
ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ,
ಮುಂದಿನದು ಕೇಳಿ ಅವಳನ್ನು
ಥಟ್ಟನೆ ಒಂದು ತಟ್ಟೆಗೆ ಹಾಕಿಬಿಡಬೇಡಿ.

ಭಾನುರೇಖ ಬಂದದ್ದು ಯುಗಾದಿ ಕಳೆದ ಸೋಮವಾರ.
ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ತಾನೇ ಬರೆದಳು,
ಒಂದೊಂದು ಅಕ್ಷರವನ್ನೂ ಒತ್ತಿ, ಹಿಂದಿನ ಹಾಳೆಗೂ ಇಳಿಯುವಂತೆ.
ಚಿಂತಾಮಣಿ ಕಡೆಯವಳು. ದಪ್ಪ ದನಿ.
ಮೊದಲ ದಿನವೇ ನನಗಿಂತ ಅರ್ಧ ಕಿಲೋ ಹೆಚ್ಚು.
ಆದಿಲಕ್ಷ್ಮಕ್ಕ ಎರಡೂ ತಟ್ಟೆಗಳನ್ನು
ಅವಳ ಮುಂದೆ ಕುಕ್ಕಿ, ನಮ್ಮ ಕಡೆ ತಿರುಗಿದಳು:
"ಇದನ್ನ ಯಾವುದಕ್ಕೆ ಹಾಕೋಣ, ನೀವೇ ಹೇಳ್ರಮ್ಮ."
ಹದಿನಾಲ್ಕು ಹೆಂಗಸರು ಮಾಸ್ಕಿನೊಳಗೆ ನಕ್ಕೆವು.
ನಕ್ಕೆವು ಎಂದೇ ಬರೆಯುತ್ತೇನೆ.

ಆವತ್ತಿನಿಂದ ಪಾಯಿಖಾನೆಯ ಕೀಲಿ ಮೊಳೆಯ ಮೇಲಿಲ್ಲ.
ಅಕ್ಕನ ಸೆರಗಿನ ಗಂಟಿನಲ್ಲಿ.
ಬೇಕಾದವರು ಕೇಳಿ ಪಡೆಯಬೇಕು.
ಭಾನು ಕೇಳಲಿಲ್ಲ.
ಬಿಸಿಲಲ್ಲಿ ಬಸ್ ಸ್ಟ್ಯಾಂಡಿನ ತನಕ ನಡೆದು
ಐದು ರೂಪಾಯಿ ಕೊಟ್ಟು ಬರುತ್ತಿದ್ದಳು,
ಅಲ್ಲಿ ಯಾವ ಬಾಗಿಲಿಗೆ ಬಿಟ್ಟರೋ ನನಗೆ ಗೊತ್ತಿಲ್ಲ.
ಅವಳ ನೀರಿನ ಬಾಟಲಿ ಸಂಜೆಗೂ ತುಂಬಿಯೇ ಇರುತ್ತಿತ್ತು.
ಅದು ನನ್ನ ಕಣ್ಣಿಗೆ ಬಿತ್ತು, ಅಷ್ಟೆ.
ದೊಡ್ಡ ಮನಸ್ಸೇನೂ ಅಲ್ಲ.

ಚಿಟ್ಟೆ ಹೊರಬಂದ ಒಂದು ಬೆಳಗ್ಗೆ,
ರೆಕ್ಕೆಯ ಪುಡಿ ಮೂಗು ಗಂಟಲಿಗೆಲ್ಲ ಹತ್ತಿರುವಾಗ
ಕೈ ಚಾಚಿದೆ:
"ಅಕ್ಕಾ, ಕೀಲಿ ಕೊಡು."
"ನಿಂಗಾ?"
"ಭಾನುಗೆ."
"ಅದು ಹೆಂಗಸರದ್ದು."
"ಅವಳೂ ಹೆಂಗಸೇ."
"ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದೀನಿ ಕಣೇ,
ನೋಡಿದ್ರೆ ಗೊತ್ತಾಗಲ್ವಾ ನಂಗೆ?"

ರಾತ್ರಿಯೆಲ್ಲ ಜೋಡಿಸಿಟ್ಟ ಮಾತುಗಳಿದ್ದವು.
ಒಂದೂ ಬರಲಿಲ್ಲ. ಬಂದದ್ದು ಇದು:
"ಹುಳ ನೋಡೋಕೆ ಕಲಿಸಿದೆ ಅಕ್ಕ, ಸರಿ.
ಮನುಷ್ಯರನ್ನ ತಿರುಗಿಸಿ ನೋಡು ಅಂತ
ನಿಂಗೆ ಯಾರು ಕಲಿಸಿದ್ರು?
ಅವಳು ಹೇಳಿದಾಳಲ್ಲ ತಾನು ಯಾರು ಅಂತ, ಸಾಲ್ದಾ?
ನಂದು ಯಾವತ್ತು ನೋಡಿದ್ದೀಯ ನೀನು?"

ಗುಲ್ಜಾರ್ ಬೀ ಫಕ್ಕನೆ ನಕ್ಕಳು,
ಈ ಸಲ ಭಾನುವನ್ನು ನೋಡಿ ಅಲ್ಲ.
ಅಕ್ಕ ನಗಲಿಲ್ಲ.
ಗಂಟು ಬಿಚ್ಚಲು ಅವಳ ಬೆರಳಿಗೆ ಹೊತ್ತು ಹಿಡಿಯಿತು,
ಕೂದಲಿನಂಥ ಗೀಟು ಕಾಣುವ ಕಣ್ಣಿನವಳಿಗೆ.
ಕೀಲಿ ನೆಲಕ್ಕೆ ಬಿತ್ತು. ಬಿಳಿ ಪುಡಿಯಲ್ಲಿ ಅದರ ಅಚ್ಚು.
ಬಗ್ಗಿ ಎತ್ತಿದವಳು ನಾನು.

ಭಾನು ಹೋಗಿ ಬಂದಳು,
ತೊಳೆದ ನೀರು ಮೊಣಕೈವರೆಗೆ ಇಳಿಯುತ್ತಿತ್ತು.
ಏನಾದರೂ ಒಳ್ಳೆಯ ಮಾತು ಆಡುತ್ತಾಳೆಂದು ಕಾದೆ, ಸುಳ್ಳೇಕೆ.
"ಹತ್ತೊಂಬತ್ತು ದಿನ" ಎಂದಳು,
ತಟ್ಟೆ ಎಳೆದುಕೊಳ್ಳುತ್ತ, ನನ್ನ ಕಡೆ ನೋಡದೆ.
ಲೆಕ್ಕ ಹಾಕಿದೆ. ದಿನಕ್ಕೆರಡು ಸಲವಾದರೆ
ನೂರಾ ತೊಂಬತ್ತು ರೂಪಾಯಿ.
ಬಾಯಾರಿಕೆಯದ್ದು ಲೆಕ್ಕಕ್ಕೆ ಸಿಗಲಿಲ್ಲ.

ಅಕ್ಕ ಈಗ ಕಿಟಕಿ ಪಕ್ಕದ ಬೆಂಚಿಗೆ ಹೋಗಿದ್ದಾಳೆ.
ನನ್ನ ಜೊತೆ ಮಾತಿಲ್ಲ.
ಮಧ್ಯಾಹ್ನ ಅವಳ ಡಬ್ಬಿ ತೆರೆದರೆ
ಹುರುಳಿಕಾಳು ಸಾರಿನ ಘಮ ಇಲ್ಲಿಯವರೆಗೆ ಬರುತ್ತದೆ,
ಅದರಲ್ಲಿ ನನಗೊಂದು ಪಾಲು ಇರುತ್ತಿತ್ತು.

ಕೀಲಿ ಮಾತ್ರ ಮತ್ತೆ ಮೊಳೆಯ ಮೇಲಿದೆ,
ಯಾರು ತಗುಲಿಸಿದರೋ.
ದಿನಾ ಬೆಳಗ್ಗೆ ಮೊದಲು ಅದನ್ನು ನೋಡಿ
ಆಮೇಲೆ ಬ್ಲೇಡು ಹಿಡಿಯುತ್ತೇನೆ.