ನಿಶಾನೆ

ಕೆಡ್ಡಸದಲ್ಲಿ ಭೂಮಿಯನ್ನು ಗೀರಬಾರದು,
ಹಾರೆ ಮುಟ್ಟಬಾರದು, ಹಸಿ ಗಿಡ ಕಡಿಯಬಾರದು.
ಅಜ್ಜ ತುಕ್ರಪ್ಪ ಪೂಜಾರಿ ಮಾತ್ರ
ಅದೇ ದಿನ ಗೋಡೆಯಿಂದ ಕೋವಿ ಇಳಿಸುವರು:
'ಭೂಮಿ ಮುಟ್ಟಾದರೆ ಹಂದಿಗೂ ರಜೆಯೋ?'

ಬೊಬ್ಬೆ ಹಾಕಿ ಎಬ್ಬಿಸುವುದು ಹುಡುಗರ ಕೆಲಸ.
ಒಂದು ಸಲ ಅಣ್ಣ ಸುಕೇಶ
ಹಂದಿಗಿಂತ ಮುಂಚೆ ತಾನೇ ಪೊದೆ ಸೀಳಿಕೊಂಡು
ಕೋವಿಯ ಬಾಯಿಗೆ ಬಂದ.
'ನಿನಗೇ ಇಡುತ್ತಿದ್ದೆನಲ್ಲ ಗುಂಡು!'
ಆಗ ಅವನಿಗೆ ಹತ್ತು.

ಆ ಕಾಲುಗಳೇ ಅವನನ್ನು ಬಜಗೋಳಿಯ ಕರೆಗೆ ಒಯ್ದವು.
ಮೊದಲು ಕೋಣಕ್ಕೆ ಎಣ್ಣೆ ತಿಕ್ಕುವವನು,
ಹುರುಳಿ ಬೇಯಿಸುವವನು,
ಆಮೇಲೆ ನೇಗಿಲು ಕಿರಿಯ, ಹಗ್ಗ ಹಿರಿಯ.
ಬಿದ್ದ. ಮಿಯ್ಯಾರಿನಲ್ಲಿ ಹೆಗಲು,
ಐಕಳದಲ್ಲಿ ಎರಡು ಹಲ್ಲು
(ಒಂದು ಕೆಸರಲ್ಲಿ ಸಿಕ್ಕಿತು, ಅಮ್ಮ ತೊಳೆದಿಟ್ಟಿದ್ದಾಳೆ).
ಪದಕ ಗುತ್ತಿನ ಯಜಮಾನರ ಕಪಾಟಿಗೆ,
ಅವನಿಗೆ ಸಿಕ್ಕ ಅರ್ಧ ಪವನು
ನನ್ನ ಕಿವಿಯಲ್ಲಿದೆ.

ಕೊನೆಗೆ ಕನೆಹಲಗೆ.
ತೂತು ಕೊರೆದ ಮರದ ತುಂಡಿನ ಮೇಲೆ ಒಂದು ಕಾಲು,
ಇನ್ನೊಂದು ಗಾಳಿಯಲ್ಲಿ, ಮುಷ್ಟಿಯಲ್ಲಿ ಬಾಲ.
ಎಡಕ್ಕೆ ಕಾಟಿ, ಬಲಕ್ಕೆ ಮೋಡ.
ಆರೂವರೆ ಕೋಲು ಎತ್ತರದಲ್ಲಿ ಅಡ್ಡ ಕಟ್ಟಿದ ಬಟ್ಟೆ,
ಅದರ ಹೆಸರು ನಿಶಾನೆ.

ಆ ವರ್ಷ ಚುನಾವಣೆ, ಕೋವಿ ಠಾಣೆಯಲ್ಲಿ.
ಕೈ ಖಾಲಿಯಾದ ಅಜ್ಜ ಮೊದಲ ಬಾರಿ ಕಂಬಳಕ್ಕೆ ಬಂದರು.
ಮಂಜೊಟ್ಟಿಯ ಪಕ್ಕ ನನ್ನ ಭುಜ ಹಿಡಿದು ನಿಂತವರು
ಜೋಡಿ ಹತ್ತಿರ ಬಂದಾಗ
ಉಸಿರು ಕಟ್ಟಿ ಎಡಗಣ್ಣು ಮುಚ್ಚಿದರು.
ನನ್ನ ಭುಜದ ಮೇಲೆ ಅವರ ತೋರುಬೆರಳು
ಮೆಲ್ಲನೆ ಮಡಿಯಿತು.
ನೀರು ಹಾರಿ ಬಟ್ಟೆಗೆ ಬಡಿಯಿತು.
ಎರಡು ಕೋಣವೂ ಬದುಕಿದ್ದವು, ಹುಡುಗನೂ.
ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ.
ದಾರಿಯಲ್ಲಿ ಗೋಳಿಬಜೆ ತಿನ್ನುತ್ತ ಕೇಳಿದರು:
'ತಾಗಿದ ಮೇಲೆ, ಅಷ್ಟೆಯೋ? ಮನೆಗೆ ಹೋಗುವುದೋ?'

ಕೋರ್ಟು ಕಂಬಳ ನಿಲ್ಲಿಸಿದ ದಿನಗಳಲ್ಲಿ
ಅಣ್ಣ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದ,
ರಾತ್ರಿ ಕಾರ್ಕಳದ ರಸ್ತೆಯಲ್ಲಿ
ಮುಂದೆ ಏನೂ ಇಲ್ಲದೆ ಓಡಿದ.
ಮತ್ತೆ ಶುರುವಾದಾಗ ಮಂಡಿ ಒಪ್ಪಲಿಲ್ಲ.
ಅಜ್ಜ ತೀರಿಹೋದರು, ಲೈಸೆನ್ಸು ಹೋಯಿತು,
ಕೋವಿ ತರಲು ಠಾಣೆಗೆ ಯಾರೂ ಹೋಗಲಿಲ್ಲ.
ವಯಸ್ಸಾದ ಕಾಟಿಯನ್ನು ಮಾತ್ರ
ಯಜಮಾನರಲ್ಲಿ ಕೇಳಿ ತಂದ.

ಈ ಕೆಡ್ಡಸಕ್ಕೆ ಗುಡ್ಡೆಯಲ್ಲಿ
ಯಾರದೋ ನಾಯಿಗಳು ಬೊಗಳಿದವು.
ಹಟ್ಟಿಯಲ್ಲಿ ಕಾಟಿ ಕಿವಿ ನಿಮಿರಿಸಿತು.
ಅಣ್ಣ ಜಾರಿದ ಹೆಗಲಲ್ಲೇ ಕೈ ಎತ್ತಿ
ಆ ಕಿವಿ ಮುಚ್ಚಿದ.
ನನಗೆ ಬೀಡಿಯ ಲೆಕ್ಕ ತಪ್ಪಿತು,
ಮತ್ತೆ ಒಂದರಿಂದ.