ಗಾಜನೂರು, ಒಂದು ಹಾಫ್

ಮೊದಲ ದಿನದ ತಪ್ಪು ನನ್ನದೇ.
ಜೂನ್ ತಿಂಗಳು, ಸಂಜೆ ನಾಲ್ಕೂಮುಕ್ಕಾಲರ ಟ್ರಿಪ್ಪು,
ಶಿವಮೊಗ್ಗದಿಂದ ತೀರ್ಥಹಳ್ಳಿಗೆ. ಕಾಲಿಡಲು ಜಾಗವಿಲ್ಲ.
"ಎಲ್ಲಿಗೋ?" ಅಂದೆ.
ಹುಡುಗ ಬಾಯಿ ತೆರೆದ. ಕತ್ತಿನ ನರ ಉಬ್ಬಿತು,
ಕಣ್ಣು ಮುಚ್ಚಿಕೊಂಡ. ಸದ್ದಿಲ್ಲ.
ಹಗ್ಗ ಸಿಕ್ಕಿಕೊಂಡ ಬಾವಿಯ ರಾಟೆ.
ನನಗೋ ಇನ್ನೂ ಮೂವತ್ತು ಟಿಕೆಟ್ ಹರಿಯುವುದಿತ್ತು.
"ಸಕ್ಕರೆಬೈಲಾ?"
ತಲೆಯಾಡಿಸಿದ.

ಅಲ್ಲಿಂದ ದಿನವೂ ಸಕ್ಕರೆಬೈಲು.
ತಾನೇ ಹೇಳುತ್ತಿದ್ದ ಆಮೇಲೆ,
ಸ ಅನ್ನುವ ಅಕ್ಷರ ಅವನಿಗೆ ಸೋಪಿನಂತೆ ಜಾರುತ್ತಿತ್ತು.

ದಸರಾ ರಜೆ ಕಳೆದ ಮೇಲೊಂದು ಸಂಜೆ
ಆನೆ ಬಿಡಾರದ ಹತ್ತಿರ ಟೈರು ಪಂಚರ್.
ಜಾಕು ಹಿಡಿದವನು ತಲೆಯೆತ್ತಿದರೆ
ಇಳಿದ ಹುಡುಗ ಬಂದ ದಾರಿಯಲ್ಲೇ ವಾಪಸ್ ಹೊರಟಿದ್ದಾನೆ.
ನಾಲ್ಕು ಮಾರು ನಡೆದು ಕಿಲೋಮೀಟರ್ ಕಲ್ಲಿನೆದುರು ನಿಂತ,
ಅದರ ಹಳದಿ ತಲೆ ಮುಟ್ಟಿ
"ಗಾಜನೂರು" ಅಂದ.
ಒಂದೇ ಏಟಿಗೆ, ಕೊಡ ಬಗ್ಗಿಸಿದ ಹಾಗೆ.
"ನನ್ನ ಹೆಸರು ಗುತ್ಯಪ್ಪ" ಅಂದ.
ಕಲ್ಲು ಅವಸರ ಮಾಡಲಿಲ್ಲ.

ಊರೂ ಗ. ಅಜ್ಜನಿಂದ ಬಂದ ಹೆಸರೂ ಗ.
ಸ್ವರ ಕೈ ಹಿಡಿಯದೆ ವ್ಯಂಜನ ಹೊಸಿಲು ದಾಟದು
ಅಂತ ಮೂರನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ,
ಅರ್ಥವಾದದ್ದು ಆವತ್ತು, ಗ್ರೀಸು ಮೆತ್ತಿದ ಕೈಯಲ್ಲಿ.

ಮಾರನೆ ದಿನ ನಾನು ಜಾಣನಾದೆ.
ಏನೂ ಕೇಳದೆ ಗಾಜನೂರಿನ ಹಾಫ್ ಹರಿದು ಚಾಚಿದೆ,
ಪುಣ್ಯ ಕಟ್ಟಿಕೊಂಡವನ ಮುಖ ಮಾಡಿಕೊಂಡು.
ಹುಡುಗ ಚೀಟಿ ನೋಡಿದ. ನನ್ನ ನೋಡಿದ.
ಕಿವಿ ಕೆಂಪಾದವು.
ಚೀಟಿಯನ್ನು ನನ್ನ ಅಂಗೈಗೇ ತುರುಕಿ
"ಕೇ-ಕೇ-ಕೇಳಿ" ಅಂದ.

ಕೇಳಿದೆ. "ಎಲ್ಲಿಗೆ?"

ಹರಕೆರೆ ಬಂತು, ಹೋಯಿತು.
ಹಿಂದಿನ ಸೀಟಿಂದ ಯಾರೋ
"ಗಂಟಲು ನೋವೇನೋ ಮಗಾ?" ಅಂದರು,
ಕಾಲೇಜು ಹುಡುಗಿಯರು ಕಿಸಕ್ಕೆಂದರು.
ಡ್ರೈವರ್ ಸಿರಿಲಣ್ಣ ಕನ್ನಡಿಯಲ್ಲಿ ಒಮ್ಮೆ ನೋಡಿ
ಹಾಡು ಆರಿಸಿದ.
ನನ್ನ ನಾಲಿಗೆಯ ತುದಿಯಲ್ಲಿ ಆ ಊರು ಕುಣಿಯುತ್ತಿತ್ತು.
ಇಪ್ಪತ್ತು ವರ್ಷ ಊರುಗಳ ಹೆಸರು ಕೂಗಿಯೇ ಅನ್ನ ಉಂಡವನು,
ಹಲ್ಲು ಕಚ್ಚಿ ನಿಂತೆ.

"ಗ... ಗ... ಗಾ..."
ನಿಲ್ಲಿಸಿದ. ಉಗುಳು ನುಂಗಿದ.
ಬಿದ್ದ ಸೈಕಲ್ಲನ್ನು ಎತ್ತಿಕೊಂಡವನಂತೆ
ಮತ್ತೆ ಮೊದಲಿಂದ ಹತ್ತಿದ.
"ಗ-ಗ-ಗಾಜ-ಜ-ಜನೂರು. ಒಂದು. ಹಾ-ಹಾಫು."

ಯಾರೂ ಚಪ್ಪಾಳೆ ತಟ್ಟಲಿಲ್ಲ.
"ಚಿಲ್ಲರೆ ಕೊಡ್ರೀ ನಂದು" ಅಂತ ಒಬ್ಬಳು ಭುಜ ತಿವಿದಳು.
ಗಾಜನೂರಿನಲ್ಲಿ ಅವನು ಇಳಿದ, ತಿರುಗಿ ನೋಡದೆ.
ಸೀಟಿ ಊದಲು ಮರೆತು ನಿಂತಿದ್ದೆ,
ಸಿರಿಲಣ್ಣನೇ ಹಾರ್ನ್ ಮಾಡಿದ.

ರಾತ್ರಿ ತೀರ್ಥಹಳ್ಳಿಯ ಹಾಲ್ಟಿನಲ್ಲಿ
ಟ್ರಿಪ್ ಶೀಟಿನ ಬೆನ್ನ ಮೇಲೆ ಲೆಕ್ಕ ಬರೆದೆ:
ದಿನಕ್ಕೆ ಎರಡು ರೂಪಾಯಿ ಹೆಚ್ಚು,
ರಜೆ ಕಳೆದು ಎಂಬತ್ತೊಂದು ದಿನ.
ಅದನ್ನು ಹೇಗಾದರೂ ತೀರಿಸಬಹುದು.
ಎಂಬತ್ತೊಂದು ಸಂಜೆಯ ನಡಿಗೆ ಉಳಿಯಿತು,
ಯಾವ ಕಾಲಮ್ಮಿಗೆ ಹಾಕುವುದೋ ತಿಳಿಯದೆ
ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತೆ.